ಆರು ದಿನ ಡಬ್ಬಿ, ಏಳನೇ ದಿನ ಬಿಸಿ ಊಟ

ಯುಎಇಗೆ ಹೊಸದಾಗಿ ಬಂದವರು ನಮ್ಮನ್ನು ಕೇಳುವ ಮೊದಲ ನಾಲ್ಕೈದು ಪ್ರಶ್ನೆಗಳಲ್ಲಿ "ರಜೆ ದಿನ ಎಲ್ಲಿ ಊಟ ಮಾಡೋದು?" ಅನ್ನೋದೂ ಒಂದು. ಊರಿಗೆ ಹಣ ಕಳಿಸೋದು ಹೇಗೆ, ಯಾವ ಸಿಮ್ ತಗೋಬೇಕು, ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವವರು ಕ್ಯಾಂಪಿನ ತುಂಬ ಇದ್ದಾರೆ. ಊಟದ ವಿಷಯ ಬಂದಾಗ ಮಾತ್ರ ಎಲ್ಲರೂ ಫೋನ್ ತೆಗೆದು ಯಾವುದೋ ವಿಡಿಯೋ ತೋರಿಸ್ತಾರೆ. ಆ ವಿಡಿಯೋದವರು ಕಾರಿನಲ್ಲಿ ಹೋಗ್ತಾರೆ, ಹತ್ತು ತಟ್ಟೆ ತರಿಸ್ತಾರೆ, ಒಂದೊಂದರಲ್ಲಿ ಒಂದು ತುತ್ತು ತಿಂದು "ಸೂಪರ್" ಅಂತಾರೆ. ಬಿಲ್ ಎಷ್ಟಾಯ್ತು, ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ ನಡೀಬೇಕು, ಐದು ಜನ ಗಂಡಸರು ಹೋದರೆ ಟೇಬಲ್ ಕೊಡ್ತಾರಾ ಅಂತ ಅವರು ಹೇಳಲ್ಲ. ನಮಗೆ ಬೇಕಾದದ್ದು ಅದೇ.

ಇದನ್ನು ಇಷ್ಟು ದೊಡ್ಡ ವಿಷಯ ಮಾಡೋದಕ್ಕೆ ಕಾರಣ ಇದೆ. ನಮ್ಮಲ್ಲಿ ಹೆಚ್ಚಿನವರು ಮೆಸ್ಸಿನ ಊಟದವರು. ಬೆಳಗಿನ ಜಾವ ಕಂಪನಿ ಬಸ್ಸು ಹತ್ತುವಾಗಲೇ ಮಧ್ಯಾಹ್ನದ ಡಬ್ಬಿ ಕೈಯಲ್ಲಿರುತ್ತೆ. ಅಂದ್ರೆ ಅದನ್ನು ಬೇಯಿಸಿದ್ದು ನಡುರಾತ್ರಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅನ್ನೋ ನಿಯಮ ಇಲ್ಲಿದೆ. ಆ ಹೊತ್ತಿಗೆ ನೆರಳಲ್ಲಿ ಕೂತು ಡಬ್ಬಿ ಬಿಚ್ಚಿದರೆ ಅನ್ನ ಉಂಡೆಗಟ್ಟಿರುತ್ತೆ, ಬೇಳೆ ಸಾರು ಹುಳಿ ವಾಸನೆ ಹೊಡೀತಿರುತ್ತೆ. ಚೆಲ್ಲಿದರೆ ಹಸಿವು, ತಿಂದರೆ ಹೊಟ್ಟೆ ನೋವು. ಹೆಚ್ಚಿನ ದಿನ ತಿಂತೀವಿ. ರಾತ್ರಿ ರೂಮಿಗೆ ಬರುವಷ್ಟರಲ್ಲಿ ಮೆಸ್ಸಿನ ಚಪಾತಿ ಚರ್ಮದ ಹಾಗೆ ಆಗಿರುತ್ತೆ. ಹೀಗೆ ಆರು ದಿನ. ಒಲೆಯಿಂದ ನೇರ ತಟ್ಟೆಗೆ ಬಿದ್ದ ಊಟ ವಾರದಲ್ಲಿ ಒಂದೇ ದಿನ, ಅದೂ ಸ್ವಂತ ದುಡ್ಡಲ್ಲಿ. ಒಂದು ದಿರ್ಹಮ್ ಅಂದ್ರೆ ಊರಲ್ಲಿ ಇಪ್ಪತ್ತು ರೂಪಾಯಿಗೂ ಮೇಲೆ. ಆ ಒಂದು ಊಟ ಕೆಟ್ಟರೆ ಇಡೀ ವಾರವೇ ಕೆಟ್ಟ ಹಾಗೆ.

ನಾವು ಐದು ಜನ, ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದ ಒಂದೇ ರೂಮಿನವರು. ಒಬ್ಬ ಕುಷ್ಟಗಿ ಕಡೆಯವ, ಒಬ್ಬ ಮದ್ದೂರಿನವ, ಒಬ್ಬ ಮಲ್ಪೆ, ಒಬ್ಬ ಭಟ್ಕಳ, ಒಬ್ಬ ಹೊಸದುರ್ಗ. ಕನ್ನಡ ಒಂದೇ ಆದರೂ ನಾಲಿಗೆ ಐದು ಥರ. 2022ರ ಜನವರಿಯಲ್ಲಿ ದೇಶದ ವಾರದ ರಜೆ ಬದಲಾದಾಗ ನಮ್ಮ ಕಂಪನಿಯ ರಜೆಯೂ ಶುಕ್ರವಾರದಿಂದ ಭಾನುವಾರಕ್ಕೆ ಬಂತು. ಅವತ್ತಿನಿಂದ ತಿಂಗಳಿಗೆ ಎರಡು ಭಾನುವಾರ ಹೊರಗೆ ಊಟ, ಉಳಿದ ಎರಡು ರೂಮಿನಲ್ಲೇ ಅಂತ ಲೆಕ್ಕ ಹಾಕಿಕೊಂಡಿದ್ದೇವೆ. ಪ್ರತಿ ಸಲ ಒಬ್ಬೊಬ್ಬರು ಜಾಗ ಆರಿಸಬೇಕು. ತಲೆಗೆ 20 ದಿರ್ಹಮ್ ದಾಟಬಾರದು, ಬಸ್ ಖರ್ಚು ಬೇರೆ. ಹೀಗೆ ಸುತ್ತಿದ ಮೂರು ಊರುಗಳ ವಿಷಯ ಇಲ್ಲಿ ಬರೀತಿದ್ದೇವೆ.

ಮೊದಲು ದುಬೈ. ಶಾರ್ಜಾದ ಜುಬೈಲ್ ಬಸ್ ಸ್ಟೇಷನ್ನಿಂದ ಇ303 ಹತ್ತಿದರೆ ದೇರಾದ ಯೂನಿಯನ್, ಇ306 ಹತ್ತಿದರೆ ಬರ್ ದುಬೈನ ಗುಬೈಬಾ. ಕರಾಮಾಗೆ ಹೋಗುವವರು ಯೂನಿಯನ್‌ನಲ್ಲಿ ಮೆಟ್ರೋ ಹಿಡಿದು ಎಡಿಸಿಬಿ ಸ್ಟೇಷನ್ನಿನಲ್ಲಿ ಇಳೀಬೇಕು. ಹಳಬರು ಅದನ್ನು ಈಗಲೂ ಕರಾಮಾ ಸ್ಟೇಷನ್ ಅಂತಲೇ ಕರೀತಾರೆ, ಮೊದಲು ಅದರ ಹೆಸರು ಅದೇ ಇತ್ತು. ಮೆಟ್ರೋ ಒಳಗೆ ಬಾಯಿಗೆ ಏನೂ ಹಾಕ್ಕೋಬೇಡಿ, ದಂಡ 100 ದಿರ್ಹಮ್. ಅಷ್ಟು ದುಡ್ಡಿಗೆ ಐದು ಜನರ ಊಟ ಆಗುತ್ತೆ.

ಕರಾಮಾ ನಮ್ಮವರಿಗೆ ಹೇಳಿ ಮಾಡಿಸಿದ ಜಾಗ. ಉಡುಪಿ ಹೋಟೆಲು, ತಮಿಳರ ಹೋಟೆಲು, ಮಲಯಾಳಿಗಳದ್ದು, ಮಂಗಳೂರು ಊಟದ್ದು ಎಲ್ಲ ಒಂದರ ಹಿಂದೆ ಒಂದು. ಸರವಣ ಭವನ ಇಂಡಿಯಾದ ಹೊರಗೆ ಮೊದಲ ಶಾಖೆ ತೆರೆದದ್ದೇ ದುಬೈಯಲ್ಲಿ, 2000ನೇ ಇಸವಿಯಲ್ಲಿ. ಇಡ್ಲಿ, ವಡೆ, ಕಾಫಿ ಸಾಕು ಅನ್ನುವವರಿಗೆ ಅದು ಈಗಲೂ ನಂಬಿಕೆಯ ಜಾಗ. ಉಡುಪಿ ಹೋಟೆಲುಗಳಲ್ಲಿ ಬೆಳಗಿನ ಹೊತ್ತು ಹೋಗೋದು ಒಳ್ಳೇದು, ಹೆಂಚು ಬಿಸಿ ಇರುತ್ತೆ, ಜನ ಕಡಿಮೆ ಇರ್ತಾರೆ. ಮದ್ದೂರಿನವ ಮೂರು ಹೋಟೆಲಿನಲ್ಲಿ ವಡೆ ತಿಂದು ಮೂರಕ್ಕೂ ತಲೆ ಅಲ್ಲಾಡಿಸಿದ. ವಡೆ ವಿಷಯದಲ್ಲಿ ಆ ಊರಿನವರನ್ನು ಮೆಚ್ಚಿಸೋದು ಯಾರ ಕೈಲೂ ಆಗಲ್ಲ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಕುಷ್ಟಗಿಯವನ ತಕರಾರು ಬೇರೆ. "ಸಾಂಬಾರ್‌ನಾಗ ಬೆಲ್ಲ ಯಾಕ್ ಹಾಕ್ತಾರ್ರೀ ಇವ್ರು?" ಅಂತ ಪ್ರತಿ ಸಲ ಕೇಳ್ತಾನೆ. ಮಲ್ಪೆಯವನು "ಅದೇ ರುಚಿ ಮಾರಾಯ" ಅಂತಾನೆ. ಇಬ್ಬರಿಗೂ ಇದು ಬಗೆಹರಿಯಲ್ಲ.

ಮಂಗಳೂರು ಕಡೆಯ ಊಟಕ್ಕೆ ಇಲ್ಲಿ ಕೊರತೆ ಇಲ್ಲ. ಕೋರಿ ರೊಟ್ಟಿ, ನೀರು ದೋಸೆ, ಬಂಗುಡೆ ಪುಳಿಮುಂಚಿ ಎಲ್ಲ ಸಿಗುತ್ತೆ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಬಾಗಿಲಲ್ಲೇ ಅರ್ಧ ಗಂಟೆ ನಿಲ್ಲಬೇಕು. ಹನ್ನೆರಡಕ್ಕೇ ಹೋಗಿ, ಇಲ್ಲದಿದ್ದರೆ ಮೂರರ ಮೇಲೆ. ಶುಕ್ರವಾರ ರಜೆ ಇರುವವರು ಮಧ್ಯಾಹ್ನದ ನಮಾಜಿನ ಹೊತ್ತು ನೋಡಿಕೊಂಡು ಹೊರಡಿ, ಆ ಹೊತ್ತಿಗೆ ಎಷ್ಟೋ ಕಡೆ ಶಟರ್ ಎಳೆದಿರ್ತಾರೆ. ಕೋಳಿಕ್ಕೋಡಿನಲ್ಲಿ 1939ರಲ್ಲಿ ಶುರುವಾದ ಪ್ಯಾರಗಾನ್ ಹೋಟೆಲಿನ ಶಾಖೆಯೂ ಕರಾಮಾದಲ್ಲಿದೆ. ಬಿರಿಯಾನಿ ಒಳ್ಳೇದು, ನಮ್ಮ 20 ದಿರ್ಹಮ್ ಲೆಕ್ಕಕ್ಕೆ ಮಾತ್ರ ಅದು ಸಿಗಲ್ಲ. ಯಾರಾದರೂ ಕಾಂಟ್ರಾಕ್ಟ್ ಮುಗಿಸಿ ಊರಿಗೆ ಹೊರಟಾಗ ಅಲ್ಲಿಗೆ ಹೋಗ್ತೀವಿ.

ಇನ್ನು ಒಂದು ಕಹಿ ವಿಷಯ. ಒಂದು ಭಾನುವಾರ ಅರ್ಧ ದಿನ ಓವರ್‌ಟೈಮ್ ಮುಗಿಸಿ ಸೈಟಿನಿಂದ ನೇರ ದುಬೈನ ಒಂದು ಹೋಟೆಲಿಗೆ ಹೋಗಿದ್ವಿ. ಮೈಮೇಲೆ ಕಂಪನಿಯ ನೀಲಿ ಬಟ್ಟೆ, ಕಾಲಲ್ಲಿ ಸೇಫ್ಟಿ ಬೂಟು. ಒಳಗೆ ನಾಲ್ಕು ಟೇಬಲ್ ಖಾಲಿ ಕಾಣ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಫ್ಯಾಮಿಲಿ ಓನ್ಲಿ ಭಾಯ್, ಪಾರ್ಸೆಲ್ ಚಾಹಿಯೇ ತೋ ದೇಂಗೆ" ಅಂದ. ಅವನೂ ನಮ್ಮ ಹಾಗೆ ದುಡಿಯೋಕೆ ಬಂದವನು, ಅವನನ್ನು ಬೈದು ಪ್ರಯೋಜನ ಇಲ್ಲ. ಆದರೆ ಪಾರ್ಸೆಲ್ ತಗೊಂಡು ಫುಟ್‌ಪಾತಿನಲ್ಲಿ ಕೂತು ತಿನ್ನೋದಾದರೆ ಡಬ್ಬಿಗೂ ಅದಕ್ಕೂ ಏನು ವ್ಯತ್ಯಾಸ? ಸುಮ್ಮನೆ ಹೊರಟು ಬಂದ್ವಿ. ಅವತ್ತಿನಿಂದ ನಮ್ಮ ಪಟ್ಟಿಯಲ್ಲಿ ಪ್ರತಿ ಹೋಟೆಲಿನ ಮುಂದೆ ಇನ್ನೊಂದು ಗುರುತು ಸೇರಿದೆ: ಕೆಲಸದ ಬಟ್ಟೆಯಲ್ಲಿ ಹೋದರೆ ಕೂರಿಸ್ತಾರೋ ಇಲ್ಲವೋ. ರುಚಿಗಿಂತ ಮೊದಲು ನಾವು ಅದನ್ನೇ ನೋಡ್ತೀವಿ.

ಆ ಗುರುತಿನಲ್ಲಿ ಮೊದಲ ನಂಬರ್ ಸತ್ವಾದ ರಾವಿ ರೆಸ್ಟೋರೆಂಟಿಗೆ. 1978ರಿಂದ ನಡೀತಿರುವ ಪಾಕಿಸ್ತಾನಿ ಹೋಟೆಲು ಅದು. 2022ರಲ್ಲಿ ಅಡಿಡಾಸ್ ಕಂಪನಿಯವರು ಈ ಹೋಟೆಲಿನ ಹೆಸರಲ್ಲಿ ಒಂದು ಶೂ ಮಾಡಿದ್ರು, ಹಸಿರು ಬಿಳಿ ಬಣ್ಣದ್ದು. ಅಷ್ಟು ಹೆಸರಾದರೂ ಟ್ಯಾಕ್ಸಿ ಓಡಿಸುವವರು, ಮೇಸ್ತ್ರಿಗಳು, ಆಫೀಸಿನವರು, ಬಿಳಿಯರು ಎಲ್ಲ ಅಕ್ಕಪಕ್ಕದ ಟೇಬಲ್ಲಿನಲ್ಲೇ ಕೂರ್ತಾರೆ. ತಂದೂರಿನಿಂದ ತೆಗೆದ ರೊಟ್ಟಿ ಹಿಡಿದರೆ ಬೆರಳು ಸುಡುತ್ತೆ. ಒಂದು ದಾಲ್, ಒಂದು ಚಿಕನ್, ರೊಟ್ಟಿ, ಜೊತೆಗೆ ಸಲಾಡ್ ತಟ್ಟೆ. ಐದು ಜನ ಹಂಚಿಕೊಂಡು ತಿಂದು ನಮ್ಮ ಲೆಕ್ಕದೊಳಗೇ ಎದ್ದು ಬಂದ್ವಿ. ಚಳಿಗಾಲದಲ್ಲಿ ಹೋಗಿ ಹೊರಗೆ ಹಾಕಿರುವ ಕುರ್ಚಿಯಲ್ಲಿ ಕೂರಿ.

ದೇರಾ ಕಡೆ ಹೋಗುವವರಿಗೆ ಒಂದೇ ಮಾತು. ಬರ್ ದುಬೈನಿಂದ ಕ್ರೀಕ್ ದಾಟೋಕೆ ಅಬ್ರಾ ದೋಣಿ ಹತ್ತಿ, ಒಂದೇ ದಿರ್ಹಮ್. ಊಟ ಆದ ಮೇಲೆ ಆ ಗಾಳಿ ಬೇಕು. ಇಳಿದ ಕಡೆ ಯಾವ ಕೆಫೆಟೇರಿಯಾದಲ್ಲಾದರೂ ಕರಕ್ ಚಾ ಕುಡೀಬಹುದು. ಕರಕ್ ಅಂದ್ರೆ ಬೇರೇನಲ್ಲ, ನಮ್ಮ ಕಡಕ್ ಚಾ. ಡಬ್ಬದ ಹಾಲು, ಏಲಕ್ಕಿ ಹಾಕಿ ಚೆನ್ನಾಗಿ ಕುದಿಸಿರ್ತಾರೆ. ಮಾಡುವವರು ಹೆಚ್ಚಾಗಿ ಮಲಯಾಳಿಗಳು, ಕುಡಿಯುವವರು ಲ್ಯಾಂಡ್ ಕ್ರೂಸರಿನಲ್ಲಿ ಬಂದು ಹಾರ್ನ್ ಹೊಡೆಯುವ ಅರಬರಿಂದ ಹಿಡಿದು ನಮ್ಮವರೆಗೆ.

ಅಬುಧಾಬಿಗೆ ಹೋಗಿದ್ದು ಒಂದೇ ಸಲ, ಮುಸಫ್ಫಾದಲ್ಲಿರುವ ಗೆಳೆಯರು ಬಹಳ ಕರೆದಿದ್ದಕ್ಕೆ. ಗುಬೈಬಾದಿಂದ ಇ100 ಬಸ್ಸು ಇದೆ, ಇಬ್ನ್ ಬತೂತಾದಿಂದ ಇ101. ಬಸ್ಸಿಗೆ ಕೊಟ್ಟ ದುಡ್ಡು ಊಟಕ್ಕಿಂತ ಜಾಸ್ತಿ ಆಯ್ತು ಅಂತ ಹೊಸದುರ್ಗದವನು ದಾರಿಯುದ್ದಕ್ಕೂ ಗೊಣಗಿದ. ಆದರೆ ಮೀನಾ ಜಾಯೆದ್ ಮೀನು ಮಾರ್ಕೆಟ್ಟಿನಲ್ಲಿ ಕೂತ ಮೇಲೆ ಸುಮ್ಮನಾದ. ಅಲ್ಲಿ ಮೀನು ಕೊಳ್ಳೋದು ಒಂದು ಕಡೆ, ಕತ್ತರಿಸಿ ತೊಳೆಸೋದು ಇನ್ನೊಂದು ಕಡೆ, ಮಸಾಲೆ ಹಚ್ಚಿ ಹುರಿಸೋದು ಮತ್ತೊಂದು ಕಡೆ. ಮೂರು ಕಡೆಯೂ ರೇಟು ಮೊದಲೇ ಕೇಳಿಕೊಳ್ಳಿ.

ಅವತ್ತು ಮಲ್ಪೆಯವನದ್ದೇ ಯಜಮಾನಿಕೆ. ಕಿವಿರು ಎತ್ತಿ ನೋಡಿದ, ಹೊಟ್ಟೆ ಒತ್ತಿ ನೋಡಿದ, ಮೂರು ಅಂಗಡಿ ಬಿಟ್ಟು ನಾಲ್ಕನೆಯದರಲ್ಲಿ ನಿಂತ. ಅಂಜಲಿಗೆ ಇಲ್ಲಿ ಕನಾದ್ ಅಂತಾರೆ, ಮಾಂಜಿಗೆ ಜುಬೇದಿ. ಈ ಎರಡು ಹೆಸರು ಗೊತ್ತಿದ್ದರೆ ಸಾಕು, ಉಳಿದದ್ದು ಬೆರಳು ತೋರಿಸಿದರೆ ಆಗುತ್ತೆ. ಅಂಜಲ್ ದುಬಾರಿ ಅಂತ ಬಂಗುಡೆ ಜಾಸ್ತಿ, ಅಂಜಲ್ ಒಂದೇ ಒಂದು ತುಂಡು ಹಾಕಿಸಿದ್ವಿ. ಎಂಟು ಜನ, ಹಳೇ ಪೇಪರ್ ಹಾಸಿಕೊಂಡು, ಪರೋಟಾ ಜೊತೆ. ಯಾರೂ ಹತ್ತು ನಿಮಿಷ ಮಾತಾಡಲಿಲ್ಲ. ದುಬೈಯವರು ಇಷ್ಟು ದೂರ ಬರಬೇಕಿಲ್ಲ, 2017ರಲ್ಲಿ ಶುರುವಾದ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ಟಿನಲ್ಲಿ ಮೀನು ಒಳ್ಳೇದು ಸಿಗುತ್ತೆ. ಶಾರ್ಜಾದವರಿಗೆ ಜುಬೈಲ್ ಸೂಕ್ ಬಸ್ ಸ್ಟೇಷನ್ನಿನ ಹತ್ತಿರವೇ ಇದೆ.

ಮೂರನೆಯದು ನಮ್ಮ ಶಾರ್ಜಾ. ರಜೆ ದಿನ ಕಂಪನಿ ಬಸ್ಸು ನಮ್ಮನ್ನು ರೋಲಾದಲ್ಲಿ ಇಳಿಸುತ್ತೆ. ರೋಲಾ ಅಂದ್ರೆ ಆಲದ ಮರ. ಹಿಂದೆ ಅಲ್ಲಿ ದೊಡ್ಡ ಆಲದ ಮರ ಇತ್ತು, ಮರ ಹೋಗಿ ಹೆಸರು ಉಳಿದಿದೆ. ಬೇಸಿಗೆ ಮಧ್ಯಾಹ್ನ ಅಲ್ಲಿ ನೆರಳು ಹುಡುಕುವಾಗ ಆ ಮರ ಇದ್ದಿದ್ದರೆ ಅನ್ನಿಸುತ್ತೆ. ಸುತ್ತಮುತ್ತ ಬಂಗಾಲಿಗಳ, ಪಾಕಿಸ್ತಾನಿಗಳ, ಮಲಯಾಳಿಗಳ ಹೋಟೆಲು ತುಂಬ ಇವೆ. ದುಬೈಗೆ ಹೋಲಿಸಿದರೆ ಅಗ್ಗ, ಯಾರೂ ಬಟ್ಟೆ ನೋಡಲ್ಲ.

ಇಷ್ಟೆಲ್ಲ ಸುತ್ತಿದ ಮೇಲೂ ನಮ್ಮ ಗುಂಪಿನಲ್ಲಿ ಇಬ್ಬರ ಬಾಯಿ ಕಟ್ಟಿಯೇ ಇತ್ತು. ಕುಷ್ಟಗಿಯವನಿಗೆ ಜೋಳದ ರೊಟ್ಟಿ, ಮದ್ದೂರಿನವನಿಗೆ ಮುದ್ದೆ. ಗಲ್ಫಿನಲ್ಲಿ ಕನ್ನಡ ಊಟ ಅಂದ್ರೆ ಕರಾವಳಿ ಊಟ ಅಂತಲೇ ಆಗಿಬಿಟ್ಟಿದೆ. ಅದಕ್ಕೆ ಯಾರನ್ನೂ ದೂರಬೇಕಿಲ್ಲ, ಮೊದಲು ಬಂದವರು, ಹೋಟೆಲು ಇಟ್ಟವರು ಅವರೇ. ಆದರೆ ಕೊಪ್ಪಳ, ರಾಯಚೂರು, ಮಂಡ್ಯ, ಚಿತ್ರದುರ್ಗದ ಕಡೆಯಿಂದ ಈಗ ಬರುವ ಹುಡುಗರಿಗೆ ಅಕ್ಕಿಯೇ ಅಕ್ಕಿ. ಕರಾಮಾದ ಒಂದು ಮರಾಠಿ ಹೋಟೆಲಿನಲ್ಲಿ ಭಾಕರಿ ಸಿಕ್ತು, ಪಿಠ್ಲೆ ಜೊತೆ. ಕುಷ್ಟಗಿಯವನು ಮುರಿದು ನೋಡಿ "ಹೌದ್ರೀ, ಇದು ನಮ್ಮ ಮನೀ ಪೈಕಿನ" ಅಂದ. ಆದರೆ ಎರಡು ಭಾಕರಿಯಲ್ಲೇ ನಮ್ಮ ಲೆಕ್ಕ ಮುಗೀತು, ಅವನಿಗೆ ನಾಲ್ಕಾದರೂ ಬೇಕು. ಜೋಳದ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತೆ, ರೂಮಿಗೆ ತಂದೂ ನೋಡಿದ. ಕ್ಯಾಂಪಿನ ಕಿಚನ್ನಿನಲ್ಲಿ ಒಲೆ ಸಿಗೋದು ಸರದಿ ಮೇಲೆ, ಅದೂ ಸ್ವಲ್ಪ ಹೊತ್ತು. ರೊಟ್ಟಿ ತಟ್ಟುವ ಸದ್ದಿಗೆ ನೈಟ್ ಶಿಫ್ಟ್ ಮುಗಿಸಿ ಮಲಗಿದವರು ಎದ್ದು ಬಂದ್ರು. ಅವರದ್ದೂ ನ್ಯಾಯವೇ.

ಹಾಗಿರುವಾಗ ನಮ್ಮ ಸೈಟಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಸೂಡಾನಿನವರೊಬ್ಬರು ಒಂದು ದಿನ ಮಾತಿಗೆ ಮಾತು ಬಂದು, ಅವರ ಊರಲ್ಲೂ ಜೋಳದ್ದೇ ಊಟ ಅಂದ್ರು. ಜೋಳಕ್ಕೆ ಅವರು ದುರಾ ಅಂತಾರೆ. ಅಬು ಶಗಾರಾದ ಒಂದು ಸೂಡಾನಿ ಹೋಟೆಲಿನ ಗುರುತು ಹೇಳಿದ್ರು. ಆ ತಿಂಗಳು ಜಾಗ ಆರಿಸುವ ಸರದಿ ಕುಷ್ಟಗಿಯವನದ್ದೇ ಇತ್ತು.

ಆರೇ ಟೇಬಲ್ಲಿನ ಜಾಗ. ನಾವು ಒಳಗೆ ಹೋದಾಗ ಎಲ್ಲರೂ ಒಂದು ಸಲ ತಿರುಗಿ ನೋಡಿದ್ರು, ಆಮೇಲೆ ಒಬ್ಬರು ಎದ್ದು ತಮ್ಮ ಕುರ್ಚಿ ಸರಿಸಿ ಜಾಗ ಮಾಡಿಕೊಟ್ರು. ಏನು ಬೇಕು ಅಂತ ಹೇಳೋಕೆ ನಮಗೆ ಬರಲಿಲ್ಲ, "ದುರಾ" ಅಂತ ಒಂದೇ ಪದ ಹೇಳಿದ್ವಿ. ಹೋಟೆಲಿನವರು ನಕ್ಕು ಒಳಗೆ ಹೋದರು. ಮೊದಲು ಬಂದಿದ್ದು ಕಿಸ್ರಾ. ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹೆಂಚಿನ ಮೇಲೆ ತೆಳ್ಳಗೆ ಎಳೆದು ತೆಗೆದ ಹಾಳೆ. ನೋಡೋಕೆ ನೀರು ದೋಸೆ, ಬಾಯಿಗಿಟ್ಟರೆ ಜೋಳ. ಮಲ್ಪೆಯವನೂ ಕುಷ್ಟಗಿಯವನೂ ಒಂದೇ ತಟ್ಟೆಗೆ ಕೈ ಹಾಕಿದ್ದು ಅದೇ ಮೊದಲು.

ಆಮೇಲೆ ಅಸೀದಾ ಬಂತು. ಅಗಲವಾದ ತಟ್ಟೆಯ ನಡುವೆ ಒಂದು ದೊಡ್ಡ ಉಂಡೆ, ಹಬೆ ಆಡ್ತಾ ಇತ್ತು. ಸುತ್ತ ಸಾರು, ಒಣಗಿಸಿದ ಬೆಂಡೆಕಾಯಿ ಪುಡಿ ಮತ್ತೆ ಕೈಮಾ ಹಾಕಿದ್ದು, ನಮ್ಮ ಬಸ್ಸಾರಿಗಿಂತ ಗಟ್ಟಿ, ಸ್ವಲ್ಪ ಲೋಳೆ. ಮದ್ದೂರಿನವ ಮಾತಾಡದೆ ಬೆರಳಲ್ಲಿ ಮುರಿದ, ಅದ್ದಿದ, ಅಗಿಯದೆ ನುಂಗಿದ. ಪಕ್ಕದ ಟೇಬಲ್ಲಿನವರು ಅವನು ನುಂಗೋದನ್ನೇ ನೋಡ್ತಿದ್ರು. ಒಬ್ಬರು ಎದ್ದು ಬಂದು ಅವನ ಬೆನ್ನು ತಟ್ಟಿ ಏನೋ ಅಂದ್ರು, ನಮಗೆ ಅರ್ಥ ಆಗಲಿಲ್ಲ. ರಾಗಿಯ ಬಣ್ಣ ಇಲ್ಲ, ಸ್ವಲ್ಪ ಹುಳಿ ಇದೆ, ಉಳಿದಂತೆ ಮುದ್ದೆಯೇ. ಜೊತೆಗೆ ಕೊಟ್ಟ ಸಲಾಡಿನಲ್ಲಿ ಶೇಂಗಾ ಅರೆದು ಹಾಕಿದ್ದರು, ನಿಂಬೆ, ಖಾರ ಬೇರೆ. ಕುಷ್ಟಗಿಯವನು ಬೆರಳು ನೆಕ್ಕಿ, "ಶೇಂಗಾ ಚಟ್ನಿ ಬಲ್ಲವ್ರು ಇವ್ರು" ಅಂದ. ಭಟ್ಕಳದವನು ಬರುವ ಅರಬ್ಬಿಯಲ್ಲಿ ಅವರಿಗೆ ಅದನ್ನು ತಿಳಿಸಿದ. ಐದು ಜನಕ್ಕೆ ಬಿಲ್ 80 ದಿರ್ಹಮ್ ಆಯ್ತು, ಚಾ ಸೇರಿ.

ಹೋಟೆಲಿನವರು ಓಮ್ದುರ್ಮಾನ್ ಊರಿನವರು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾದ ಮೇಲೆ ಊರಿಗೆ ಹೋಗಿಲ್ಲವಂತೆ. ನಾವು ರಜೆ ಸಿಗಲಿಲ್ಲ, ಟಿಕೆಟ್ ದುಬಾರಿ ಅಂತ ಗೊಣಗ್ತೀವಿ, ಅವರಿಗೆ ಹೋಗೋಕೆ ದಾರಿಯೇ ಇಲ್ಲ. ಅದನ್ನು ಹೇಳಿ, ಚಾ ಲೋಟ ತುಂಬಿಸಿ ಬೇರೆ ಟೇಬಲ್ಲಿಗೆ ಹೋದರು.

ಈ ಹೋಟೆಲಿನ ಹೆಸರು ಇಲ್ಲಿ ಹಾಕಿಲ್ಲ. ಇರೋದೇ ಆರು ಟೇಬಲ್, ಈ ಪತ್ರಿಕೆ ಓದಿ ಎಲ್ಲರೂ ಬಂದರೆ ನಮಗೇ ಜಾಗ ಸಿಗಲ್ಲ. ನಿಜವಾಗಿ ಬೇಕಾದವರು ನಮ್ಮನ್ನು ಕೇಳಿ, ಹೇಳ್ತೀವಿ. ಅದರ ಬದಲು ನಿಮ್ಮ ಕಡೆಯ ಒಂದು ಜಾಗದ ಸುದ್ದಿ ಕೊಡಬೇಕು. ಬೆಲೆ, ಬಸ್ ನಂಬರ್, ಕೆಲಸದ ಬಟ್ಟೆಯಲ್ಲಿ ಕೂರಿಸ್ತಾರೋ ಇಲ್ಲವೋ, ಈ ಮೂರೂ ಇರಲಿ. ಅಲ್ ಐನ್, ಫುಜೈರಾ, ರಾಸ್ ಅಲ್ ಖೈಮಾದಲ್ಲಿ ಇರುವವರು ಮುಖ್ಯವಾಗಿ ಬರೀರಿ, ಆ ಕಡೆ ನಾವು ಹೋಗಿಲ್ಲ.

ಕುಷ್ಟಗಿಯವನು ಹೋದ ತಿಂಗಳು ರಜೆ ಮುಗಿಸಿ ಬಂದ. ಬ್ಯಾಗಿನಲ್ಲಿ ಅವ್ವ ಕಟ್ಟಿಕೊಟ್ಟ ಐದು ಕಿಲೋ ಬಿಳಿ ಜೋಳದ ಹಿಟ್ಟು ಇತ್ತು. ಅದರಲ್ಲಿ ಎರಡು ಕಿಲೋ ಅಳೆದು ಬೇರೆ ಚೀಲಕ್ಕೆ ಹಾಕಿ ಅಬು ಶಗಾರಾಕ್ಕೆ ತಗೊಂಡು ಹೋದ. ಹೋಟೆಲಿನವರು ಹಿಟ್ಟನ್ನು ಅಂಗೈಗೆ ಸುರಿದುಕೊಂಡು, ಮೂಸಿ ನೋಡಿ, ಅಡುಗೆಮನೆಯಲ್ಲಿದ್ದವರನ್ನೂ ಕರೆದು ತೋರಿಸಿದ್ರು. ಅವತ್ತು ಅಸೀದಾಕ್ಕೆ ದುಡ್ಡು ತಗೊಳ್ಳಲಿಲ್ಲ. ಮುಂದಿನ ಭಾನುವಾರ ಜನ ಕಡಿಮೆ ಇರುವ ಹೊತ್ತಿಗೆ ಬಂದರೆ ಹೆಂಚು ಬಿಟ್ಟುಕೊಡ್ತೀವಿ, ನಿಮ್ಮ ರೊಟ್ಟಿ ಮಾಡಿ ತೋರಿಸಿ ಅಂದಿದ್ದಾರೆ. ಎಷ್ಟು ತಟ್ಟಿದರೂ ಅಲ್ಲಿ ಯಾರ ನಿದ್ದೆಯೂ ಕೆಡಲ್ಲ.